ಪಿಕಪ್ ಗಾಡಿಗೊಂದು ಪುಟ್ಟ ಕ್ರೇನ್: ಕೆಲಸ ಶುರುವಾಗೋದು ಬುಡದಿಂದ

ಜನರೇಟರನ್ನೋ ಹಳೆಯ ಎಂಜಿನ್ನನ್ನೋ ಪಿಕಪ್‌ಗೆ ಹತ್ತಿಸಲು ನಾಲ್ಕು ಜನ ಬೇಕು. ಅವರಲ್ಲಿ ಒಬ್ಬರ ಸೊಂಟ ಹಿಡಿದುಕೊಳ್ಳುವುದು ಗ್ಯಾರಂಟಿ. ಗಾಡಿಯ ಹಿಂದಿನ ಮೂಲೆಯಲ್ಲಿ ಒಂದು ಕಂಬ, ಅದಕ್ಕೊಂದು ತೋಳು, ತುದಿಯಲ್ಲಿ ರಾಟೆ, ಹಿಡಿ ತಿರುಗಿಸಿ ಡ್ರಮ್ಮಿಗೆ ಹಗ್ಗ ಸುತ್ತುವ ಒಂದು ಕೈ ವಿಂಚ್. ಇಷ್ಟಿದ್ದರೆ ಒಬ್ಬರೇ 200 ಕಿಲೋ ಎತ್ತಿ ಗಾಡಿಯೊಳಗೆ ಇಡಬಹುದು.

ನನ್ನ ಮೊದಲ ಕ್ರೇನಿನ ತೋಳು ಗಟ್ಟಿಯಾಗಿಯೇ ಇತ್ತು. ಬುಡವನ್ನು ಮಾತ್ರ ಬೆಡ್‌ನ (ಹಿಂದೆ ಸಾಮಾನು ಇಡುವ ಜಾಗದ) ತಗಡಿಗೆ ಅಗಲ ವಾಷರ್ ಹಾಕಿ ಸುಮ್ನೆ ಬಿಗಿದಿದ್ದೆ. ಎಂಜಿನ್ ನೆಲ ಬಿಟ್ಟು ಒಂದು ಗೇಣು ಏಳುವಷ್ಟರಲ್ಲಿ ತಗಡು ಡಬ್ಬಿಯ ಮುಚ್ಚಳದ ಹಾಗೆ 'ಟಕ್' ಅಂತ ಉಬ್ಬಿತು. ಕಂಬ ವಾಲಿತು. ತೋಳು ತಾನಾಗಿ ನನ್ನ ಕಡೆಗೇ ತಿರುಗಿತು. ಪಕ್ಕಕ್ಕೆ ಹಾರಿದ್ದರಿಂದ ಉಳಿದೆ. ಆವತ್ತಿನಿಂದ ನಾನು ಬುಡ ಮುಗಿಸದೆ ತೋಳಿಗೆ ಕೈ ಹಾಕುವುದಿಲ್ಲ.

ಮೊದಲು ಲೆಕ್ಕ

ಭಾರವನ್ನು ತೋಳಿನ ಉದ್ದದಿಂದ ಗುಣಿಸಿ. 200 ಕಿಲೋ ಭಾರ, 1.2 ಮೀಟರ್ ತೋಳು. ಅಂದರೆ ಕಂಬವನ್ನು ಬಗ್ಗಿಸುವ ಬಲ 240 ಕಿಲೋಗ್ರಾಂ-ಮೀಟರ್ ಲೆಕ್ಕದಲ್ಲಿ ಬರುತ್ತದೆ. ಬುಡದ ಬೋಲ್ಟುಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ 240ನ್ನು 0.2ರಿಂದ ಭಾಗಿಸಿ: 1,200 ಕಿಲೋ! ತೋಳಿನ ತುದಿಯಲ್ಲಿ ತೂಗುತ್ತಿರುವುದು 200 ಕಿಲೋ, ಬುಡದ ಬೋಲ್ಟುಗಳನ್ನು ಮೇಲಕ್ಕೆ ಕೀಳುತ್ತಿರುವುದು ಒಂದೂಕಾಲು ಟನ್ನಿಗೆ ಹತ್ತಿರ. ಎರಡು ಬೋಲ್ಟು ಹಂಚಿಕೊಂಡರೆ ತಲಾ 600. ತೋಳು ಪ್ಲೇಟಿನ ಮೂಲೆಯ ದಿಕ್ಕಿಗೆ ತಿರುಗಿದಾಗ ಒಂದೇ ಬೋಲ್ಟಿನ ಮೇಲೆ ಅದಕ್ಕಿಂತ ಜಾಸ್ತಿ. ಒಂದು ಮಿಲಿಮೀಟರ್ ಆಸುಪಾಸಿನ ತಗಡು ಇದನ್ನು ಹೇಗೆ ತಡೆದೀತು?

ಬುಡ

ಭಾರ ಹೊರಬೇಕಾದದ್ದು ಚಾಸಿ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟು; ಬೆಡ್ ಅಲ್ಲ. ಹೀಗೆ ಮಾಡಿ. ಬೆಡ್‌ನ ಕೆಳಗೆ, ಚಾಸಿಯ ಎರಡೂ ಪಟ್ಟಿಗಳಿಗೆ ಅಡ್ಡವಾಗಿ, 100 ಮಿ.ಮೀ. ಚಾನೆಲ್ ಕಬ್ಬಿಣದ ಎರಡು ತುಂಡು ಹಾಕಿ. ಅವು ಕಂಬ ನಿಲ್ಲುವ ಮೂಲೆಯವರೆಗೂ ಚಾಚಿರಲಿ. ಬೆಡ್‌ನ ಮೇಲೆ 12 ಮಿ.ಮೀ. ದಪ್ಪದ, 30 ಸೆಂ.ಮೀ. ಚೌಕದ ಪ್ಲೇಟ್. ಪ್ಲೇಟಿನಿಂದ ಚಾನೆಲ್‌ವರೆಗೆ 16 ಮಿ.ಮೀ.ನ, 8.8 ದರ್ಜೆಯ ನಾಲ್ಕು ಬೋಲ್ಟು. ಬೋಲ್ಟಿನ ತಲೆಯ ಮೇಲೆ 8.8 ಅಂತ ಕೊರೆದಿರುತ್ತದೆ, ನೋಡಿಯೇ ತನ್ನಿ.

ಇಲ್ಲೊಂದು ಸಣ್ಣ ಸಂಗತಿ ಇದೆ. ಬೆಡ್‌ನ ತಗಡು ಏರುತಗ್ಗಾಗಿರುತ್ತದೆ, ಅದಕ್ಕೂ ಚಾನೆಲ್‌ಗೂ ನಡುವೆ ಖಾಲಿ ಜಾಗ ಇರುತ್ತದೆ. ಹಾಗೇ ಬಿಗಿದರೆ ತಗಡು ಜಜ್ಜಿಹೋಗುತ್ತದೆ. ಆಮೇಲೆ ಎಷ್ಟು ಬಿಗಿದರೂ ಬೋಲ್ಟು ಸಡಿಲವೇ. ಪ್ರತಿ ಬೋಲ್ಟಿಗೂ ಪ್ಲೇಟಿನ ಅಡಿಯಿಂದ ಚಾನೆಲ್‌ವರೆಗಿನ ಅಳತೆಗೆ ಕತ್ತರಿಸಿದ ದಪ್ಪ ಪೈಪಿನ ತುಂಡು ತೊಡಿಸಿ. ಪ್ಲೇಟ್, ಪೈಪ್, ಚಾನೆಲ್ ಒಂದರ ಮೇಲೊಂದು ಕಲ್ಲಿನಂತೆ ಕೂರಬೇಕು. ಅದಕ್ಕಾಗಿ ಪೈಪಿನಷ್ಟು ಅಗಲದ ತೂತನ್ನೇ ತಗಡಿಗೆ ಕೊರೆಯಿರಿ.

ಚಾನೆಲನ್ನು ಚಾಸಿಗೆ ಹಿಡಿಸುವಾಗ ಪಟ್ಟಿಯ ಮೇಲಂಚು, ಕೆಳಂಚಿನಲ್ಲಿ ತೂತು ಬೇಡವೇ ಬೇಡ. ಚಾಸಿಯ ಬಲವೆಲ್ಲ ಇರುವುದು ಅಲ್ಲೇ. ಈಗಾಗಲೇ ಇರುವ ತೂತುಗಳನ್ನು ಬಳಸಿ. ಇಲ್ಲದಿದ್ದರೆ ನೆಟ್ಟಗೆ ನಿಂತ ಮುಖದ ಮಧ್ಯದಲ್ಲಿ ಕೊರೆಯಿರಿ. ಅದಕ್ಕೂ ಮೊದಲು ಒಳಗೆ ಕೈ ಹಾಕಿ, ಇಂಧನದ ಕೊಳವೆ, ಬ್ರೇಕ್ ಕೊಳವೆ, ವೈರುಗಳು ಎಲ್ಲಿ ಹೋಗಿವೆ ನೋಡಿಕೊಳ್ಳಿ. ಚಾಸಿಗೆ ವೆಲ್ಡಿಂಗ್ ಮಾಡುವ ಆಸೆಯನ್ನೂ ಬಿಡಿ.

ಕಂಬ, ತೋಳು

ಬುಡದ ಪ್ಲೇಟಿಗೆ 88.9 ಮಿ.ಮೀ. ಹೊರವ್ಯಾಸ, 5 ಮಿ.ಮೀ. ದಪ್ಪದ ಪೈಪನ್ನು ನಿಲ್ಲಿಸಿ ವೆಲ್ಡ್ ಮಾಡಿ. ಸುತ್ತ ನಾಲ್ಕು ತ್ರಿಕೋನ ಪ್ಲೇಟಿನ ಆಸರೆ ಕೊಡಿ. ಇದರ ಮೇಲೆ ಇನ್ನೊಂದು ದೊಡ್ಡ ಪೈಪು ತೊಡಿಸಿದರೆ ಅದೇ ತಿರುಗುವ ಕಂಬ. ಎರಡೂ ಕನಿಷ್ಠ 40 ಸೆಂ.ಮೀ. ಒಂದರೊಳಗೊಂದು ಕೂತಿರಲಿ. ನಡುವಿನ ಸಂದಿಗೆ ನೈಲಾನ್ ಅಥವಾ ಹಿತ್ತಾಳೆಯ ಬುಶ್, ಗ್ರೀಸ್ ಹಾಕಲೊಂದು ನಿಪ್ಪಲ್. ಸಂದಿ ಜಾಸ್ತಿಯಾದರೆ ಭಾರ ಬಿದ್ದಾಗ ಕಂಬ ವಾಲುತ್ತದೆ, ವಾಲಿದರೆ ತೋಳು ತಗ್ಗಿನ ಕಡೆಗೆ ಓಡುತ್ತದೆ. ಹಾಗಾಗಿ ತೋಳನ್ನು ಬೇಕಾದ ಕಡೆ ನಿಲ್ಲಿಸುವ ಪಿನ್ ಇರಲೇಬೇಕು.

ತೋಳಿಗೆ 75 ಮಿ.ಮೀ. ಚೌಕದ, 5 ಮಿ.ಮೀ. ದಪ್ಪದ ಕೊಳವೆ ಸಾಕು. ಮೀಟರಿಗೆ ಸುಮಾರು 11 ಕಿಲೋ ತೂಗುತ್ತದೆ. ಮೇಲಿನ ಲೆಕ್ಕದ ಭಾರಕ್ಕೆ ಅದರ ಮೇಲೆ ಬೀಳುವ ಒತ್ತಡ ಮೈಲ್ಡ್ ಸ್ಟೀಲ್ ಬಗ್ಗುವ ಮಿತಿಯ ಮೂರನೇ ಒಂದು ಭಾಗವೂ ಇಲ್ಲ. ತೋಳು ಕಂಬಕ್ಕೆ ಸೇರುವ ಕಡೆ ಓರೆಯಾಗಿ ಒಂದು ಆಸರೆ ಕೊಡಿ. ಸತುವಿನ ಲೇಪ ಇರುವ ಪೈಪಾದರೆ ವೆಲ್ಡಿಂಗ್ ಜಾಗದಲ್ಲಿ ಉಜ್ಜಿ ತೆಗೆಯಿರಿ, ಆ ಹೊಗೆ ಜ್ವರ ತರಿಸುತ್ತದೆ. ವೆಲ್ಡಿಂಗ್ ಎಲ್ಲ ಗಾಡಿಯಿಂದ ಕೆಳಗೇ ಮುಗಿಯಲಿ. ವೆಲ್ಡಿಂಗ್‌ನಲ್ಲಿ ಕೈ ಪಳಗಿಲ್ಲವೆಂದರೆ ಈ ಭಾಗವನ್ನು ಬಲ್ಲವರಿಗೇ ಬಿಡಿ. ನಾಚಿಕೆಯೇನೂ ಇಲ್ಲ.

ವಿಂಚ್, ಹಗ್ಗ

ಕೆಸರಲ್ಲಿ ಸಿಕ್ಕ ಗಾಡಿ ಎಳೆಯುವ ವಿಂಚ್ ಬೇರೆ, ಭಾರ ಎತ್ತುವ ವಿಂಚ್ ಬೇರೆ. ಹಿಡಿ ಬಿಟ್ಟ ಜಾಗದಲ್ಲೇ ನಿಲ್ಲುವ, ತಾನಾಗಿ ಹಿಡಿಯುವ ಬ್ರೇಕ್ ಇರುವಂಥದ್ದು ತನ್ನಿ. ಬರೀ ಹಲ್ಲು-ಕೊಂಡಿಯದ್ದಾದರೆ ಇಳಿಸುವಾಗ ಕೊಂಡಿ ಬಿಟ್ಟ ತಕ್ಷಣ ಹಿಡಿ ಗಿರ್ರನೆ ತಿರುಗಿ ಮಣಿಕಟ್ಟು ಮುರಿಯುತ್ತದೆ. ಇನ್ನೊಂದು ಮಾತು: ವಿಂಚಿನ ಮೇಲೆ ಬರೆದಿರುವ ಸಾಮರ್ಥ್ಯ ಡ್ರಮ್ಮಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ. ಪದರ ಏರಿದಂತೆ ಎಳೆಯುವ ಶಕ್ತಿ ಇಳಿಯುತ್ತದೆ.

ಉಕ್ಕಿನ ಹಗ್ಗ 6 ಮಿ.ಮೀ. ಸಾಕು. ಹಗ್ಗದ ತುದಿ ಮಡಚಿ ಕ್ಲಿಪ್ ಹಾಕುವಾಗ ಅದರ ತಡಿ (ಹಗ್ಗ ಕೂರುವ ದಪ್ಪ ಭಾಗ) ಭಾರ ಹೊರುವ ಹಗ್ಗದ ಕಡೆ, ಬಾಗಿದ ಬೋಲ್ಟು ಮಡಚಿದ ತುದಿಯ ಕಡೆ ಬರಬೇಕು. ಉಲ್ಟಾ ಹಾಕಿದರೆ ಭಾರ ಹೊರುವ ಎಳೆಯೇ ಜಜ್ಜಿಹೋಗುತ್ತದೆ. ಕೊಕ್ಕೆ ನೆಲಕ್ಕೆ ಮುಟ್ಟಿದಾಗಲೂ ಡ್ರಮ್ಮಿನ ಮೇಲೆ ನಾಲ್ಕೈದು ಸುತ್ತು ಉಳಿದಿರಬೇಕು. ತುದಿಯ ರಾಟೆಯ ಪಿನ್ನನ್ನು 200 ಕಿಲೋಗೆ ಲೆಕ್ಕ ಹಾಕಬೇಡಿ. ಹಗ್ಗ ಅಲ್ಲಿ ಲಂಬಕೋನದಲ್ಲಿ ತಿರುಗುವುದರಿಂದ ಪಿನ್ ಹೊರುವುದು ಸುಮಾರು 280 ಕಿಲೋ.

ಆಸರೆ ಕಾಲು, ಪರೀಕ್ಷೆ

ಭಾರ ಎತ್ತಿದಾಗ ಆ ಮೂಲೆಯ ಸ್ಪ್ರಿಂಗ್ ಕುಸಿದು ಗಾಡಿ ವಾಲುತ್ತದೆ. ಕಂಬದ ಕೆಳಗೇ ಚಾನೆಲ್‌ನಿಂದ ನೆಲಕ್ಕೆ ತಿರುಪಿನ ಜಾಕ್ ಒಂದನ್ನು ಇಳಿಬಿಡಿ. ಅಡಿಗೆ ದಪ್ಪ ಹಲಗೆ ಇಡಿ. ಎತ್ತುವ ಮೊದಲು ಕಂಬಕ್ಕೆ ರಸಮಟ್ಟ ಹಿಡಿದು ನೋಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಚಕ್ರಕ್ಕೆ ಅಡ್ಡಗಟ್ಟೆ ಕೊಡಿ.

ಪರೀಕ್ಷೆಗೆ ನೀರಿನ ಡ್ರಮ್ಮಿನಷ್ಟು ಒಳ್ಳೆಯದು ಬೇರೆ ಇಲ್ಲ. 200 ಲೀಟರಿನ ಖಾಲಿ ಡ್ರಮ್ಮನ್ನು ಗಟ್ಟಿಯಾಗಿ ಕಟ್ಟಿ ನೆಲದಿಂದ ನಾಲ್ಕು ಬೆರಳು ಮೇಲೆ ತೂಗುಬಿಡಿ. ದೂರ ನಿಂತು ಪೈಪಿನಿಂದ ನೀರು ತುಂಬಿ. ಒಂದು ಲೀಟರ್ ಅಂದರೆ ಒಂದು ಕಿಲೋ, ಭಾರ ನಿಧಾನವಾಗಿ ಏರುತ್ತದೆ. ಏನಾದರೂ ಸೋಲುವುದಿದ್ದರೆ ಮೊದಲೇ ಕಿರುಗುಟ್ಟಿಯೋ ಬಾಗಿಯೋ ತಿಳಿಸುವ ಸಂಭವ ಜಾಸ್ತಿ. ಡ್ರಮ್ ತುಂಬಿದ ಮೇಲೆ ಇನ್ನೂ 30-40 ಕಿಲೋ ಕಬ್ಬಿಣ ಸೇರಿಸಿ ಒಟ್ಟು 250 ಮಾಡಿ, ಹತ್ತು ನಿಮಿಷ ಬಿಡಿ. ಇಳಿಸಿ, ವೆಲ್ಡಿಂಗಿನ ಗೆರೆಗಳನ್ನು ಒಂದೊಂದಾಗಿ ನೋಡಿ. ಬಣ್ಣ ಬಳಿಯುವುದು ಇದಾದ ಮೇಲೆ. ಮೊದಲೇ ಬಳಿದರೆ ಕೂದಲೆಳೆಯ ಬಿರುಕು ಕಾಣದೆ ಹೋಗಬಹುದು, ಅಲ್ವಾ?

ತೂಗುತ್ತಿರುವ ಭಾರದ ಕೆಳಗೆ ಯಾರೂ ಕಾಲಿಡಬಾರದು, ಭಾರ ತೂಗಿಸಿಕೊಂಡು ಗಾಡಿ ಓಡಿಸಲೂಬಾರದು. ರಸ್ತೆಗಿಳಿಯುವ ಮುನ್ನ ತೋಳನ್ನು ಬೆಡ್‌ನ ಒಳಕ್ಕೆ ತಿರುಗಿಸಿ ಪಿನ್ ಹಾಕಿ. ಗಾಡಿಗೆ ಇಂಥ ಬದಲಾವಣೆ ಮಾಡಲು ಅನುಮತಿ ಬೇಕೇ ಅಂತ ಮೊದಲೇ ವಿಚಾರಿಸಿ. ತೋಳಿನ ಮೇಲೆ ದಪ್ಪ ಅಕ್ಷರದಲ್ಲಿ '200 ಕಿಲೋ ಮಾತ್ರ' ಅಂತ ಬರೆಯಿರಿ. ಎರವಲು ಕೇಳಿಕೊಂಡು ಬರುವವರು ಅದನ್ನಾದರೂ ಓದಲಿ. ಮೊದಲ ಹತ್ತು ಸಲ ಎತ್ತಿದ ಮೇಲೆ ಬುಡದ ನಾಲ್ಕೂ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ಒಂದಾದರೂ ಸ್ವಲ್ಪ ತಿರುಗಿಯೇ ತಿರುಗುತ್ತದೆ.