ಕಾಟಾದಲ್ಲಿ ಓಡುತ್ತಿರುವ ಬೈನರಿ ಯಾವ ಸೋರ್ಸ್‌ನದು?

ಬಾಗಲಕೋಟೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕಾಟಾಕ್ಕೆ ತೂಕದ ಚೀಟಿ ಮುದ್ರಿಸುವ ತಂತ್ರಾಂಶವನ್ನು ನಾನು ಬೆಳಗಾವಿಯಿಂದ ನೋಡಿಕೊಳ್ಳುತ್ತೇನೆ. ಒಮ್ಮೆ ಹಂಗಾಮಿನ ನಡುವೆ, ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದಾಗ, ಚೀಟಿಯಲ್ಲಿ ಖಾಲಿ ಗಾಡಿಯ ತೂಕ ಎರಡು ಸಲ ಕಳೆಯತೊಡಗಿತು. ತಪ್ಪು ನನ್ನದೇ, ಅದನ್ನು ತಿದ್ದಲು ಹತ್ತು ನಿಮಿಷ ಸಾಕಾಯಿತು, ಆದರೆ ಅಲ್ಲಿ ಓಡುತ್ತಿದ್ದ ‘ಕಾಟಾ ಹೊಸದು ಫೈನಲ್ 2’ ಎಂಬ ಫೈಲು ಯಾವ ಸೋರ್ಸ್‌ನಿಂದ, ಅಂದರೆ ನಾನು ಬರೆದ ಯಾವ ಮೂಲ ಕೋಡ್‌ನಿಂದ, ಹುಟ್ಟಿದ್ದೆಂದು ಹುಡುಕುವುದರಲ್ಲಿ ಬೆಳಗಾಯಿತು.

ಫೈಲಿನ ಹೆಸರನ್ನು ಯಾರು ಬೇಕಾದರೂ ಬದಲಿಸಬಹುದು. ಆದ್ದರಿಂದ ತನ್ನ ಮೂಲ ಯಾವುದೆಂಬುದನ್ನು ಬೈನರಿಯೇ (ಯಂತ್ರದಲ್ಲಿ ಓಡುವ ಫೈಲೇ) ತನ್ನೊಳಗೆ ಹೊತ್ತಿರಬೇಕು, ಅದನ್ನು ಬರೆಯುವ ಕೆಲಸವನ್ನು ಬೈನರಿ ತಯಾರಿಸುವ ಬಿಲ್ಡ್ ಸ್ಕ್ರಿಪ್ಟ್‌ಗೇ ಬಿಡಬೇಕು. ಸೋರ್ಸ್‌ನ ಬದಲಾವಣೆಗಳ ಇತಿಹಾಸವನ್ನಿಡುವ ಗಿಟ್ ಬಳಸುವವರು ಬಿಡುಗಡೆಯ ಕಮಿಟ್‌ಗೆ (ಗಿಟ್‌ನಲ್ಲಿ ದಾಖಲಾದ ಬದಲಾವಣೆಗೆ) ಸಂದೇಶಸಹಿತ ಟ್ಯಾಗ್, ಅಂದರೆ ಹೆಸರಿನ ಚೀಟಿ, ಹಾಕಿ, ‘ಗಿಟ್ ಡಿಸ್ಕ್ರೈಬ್’ ಆಜ್ಞೆಯನ್ನು ‘ಲಾಂಗ್’ ಮತ್ತು ‘ಡರ್ಟಿ’ ಆಯ್ಕೆಗಳೊಂದಿಗೆ ಸ್ಕ್ರಿಪ್ಟ್‌ನಲ್ಲಿ ಸೇರಿಸಲಿ. ಆಗ 2.4.1 ಎಂಬ ಟ್ಯಾಗ್, ಅದರ ನಂತರ ಎಷ್ಟು ಕಮಿಟ್ ಆಗಿವೆ ಎಂಬ ಸಂಖ್ಯೆ, ಕಮಿಟ್ ಹ್ಯಾಶ್‌ನ (ಆ ಕಮಿಟ್‌ನ ಗುರುತಿನ) ಮೊದಲ ಕೆಲವು ಅಕ್ಷರಗಳು ಒಂದೇ ಸಾಲಿನಲ್ಲಿ ಸಿಗುತ್ತವೆ. ಕಮಿಟ್ ಮಾಡದ ತಿದ್ದುಪಡಿ ಉಳಿದಿದ್ದರೆ ಕೊನೆಗೆ ‘ಡರ್ಟಿ’ ಎಂಬ ಪದ ಅಂಟಿಕೊಳ್ಳುತ್ತದೆ, ಅಂಥ ಬೈನರಿ ಕಚೇರಿಯಿಂದ ಹೊರಗೆ ಹೋಗಬಾರದು. ಗಿಟ್‌ಗೆ ಸೇರಿಸದೇ ಬಿಟ್ಟ ಹೊಸ ಫೈಲನ್ನು ಮಾತ್ರ ಈ ಆಯ್ಕೆ ಗುರುತಿಸುವುದಿಲ್ಲ. ಆ ಕಾರಣಕ್ಕೆ ದಿನಬಳಕೆಯ ಫೋಲ್ಡರ್ ಬಿಟ್ಟು, ಪ್ರತಿ ಸಲವೂ ಗಿಟ್‌ನಿಂದ ಹೊಸದಾಗಿ ಕ್ಲೋನ್ (ಪೂರ್ತಿ ಪ್ರತಿ) ಮಾಡಿಕೊಂಡು ಬಿಲ್ಡ್ ಮಾಡಿ. ಡಿಸ್ಕ್ರೈಬ್ ಕೊಟ್ಟ ಆವೃತ್ತಿಯ ಸಾಲನ್ನು ನಾನು ತೂಕದ ಚೀಟಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸುತ್ತೇನೆ. ಆಪರೇಟರ್ ಫೋನಿನಲ್ಲಿ ಅದನ್ನು ಓದಿದರೆ ಸಾಕು.

ಬಳಸಿದ ಲೈಬ್ರರಿಗಳ (ಸಿದ್ಧ ಕೋಡ್‌ನ) ನಿಖರ ಆವೃತ್ತಿಗಳನ್ನು ಪಟ್ಟಿ ಮಾಡುವ ಲಾಕ್ ಫೈಲು ಸೋರ್ಸ್ ಜೊತೆಗೇ ಇರಲಿ, ಸೋರ್ಸ್ ಅನ್ನು ಬೈನರಿಯಾಗಿಸುವ ಕಂಪೈಲರ್‌ನ ಆವೃತ್ತಿಯನ್ನೂ ಬರೆದಿಡಿ. ಒಮ್ಮೆ ಹೊರಬಿದ್ದ ಟ್ಯಾಗನ್ನು ಬೇರೆ ಕಮಿಟ್‌ಗೆ ಸರಿಸಬೇಡಿ. ಒಂದೇ ಅಕ್ಷರ ಬದಲಾದರೂ ಹೊಸ ಆವೃತ್ತಿ ಸಂಖ್ಯೆ ಕೊಡಿ.

ಬೈನರಿಯ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಒಳಗಿರುವುದರಿಂದಲೇ ಲೆಕ್ಕಹಾಕುವ ಗುರುತನ್ನು) ಆವೃತ್ತಿಯ ಸಾಲಿನ ಪಕ್ಕದಲ್ಲಿ ದಾಖಲಿಸಿ. ಇಲ್ಲಿ ಹಲವರು ಎಡವುತ್ತಾರೆ: ಅದೇ ಸೋರ್ಸ್ ಅನ್ನು ನಾಳೆ ಮತ್ತೆ ಕಂಪೈಲ್ ಮಾಡಿದರೆ ಅದೇ ಮೊತ್ತ ಬರುತ್ತದೆಂಬ ಖಾತ್ರಿಯಿಲ್ಲ, ಏಕೆಂದರೆ ಕಂಪೈಲ್ ಆದ ಸಮಯವೂ ಫೋಲ್ಡರಿನ ದಾರಿಯೂ ಬೈನರಿಯೊಳಗೆ ಸೇರಿಕೊಳ್ಳಬಹುದು. ಹಾಗಾಗಿ ಕೊಟ್ಟ ಫೈಲನ್ನೇ, ದೋಷ ಹುಡುಕಲು ಬೇಕಾಗುವ ಅದರ ಡಿಬಗ್ ಸಿಂಬಲ್‌ಗಳ ಸಮೇತ, ಸೋರ್ಸ್ ಇರುವ ಗಿಟ್ ರೆಪೊಸಿಟರಿಯ ಹೊರಗೆ ಆವೃತ್ತಿಗೊಂದು ಫೋಲ್ಡರಿನಲ್ಲಿ ಕಾಪಿಡಿ.

ಕಾಟಾದಲ್ಲಿ ಹೊಸ ಬೈನರಿ ಕೂರಿಸುವಾಗ ಹಳೆಯದನ್ನು ಅಳಿಸದೆ ಪಕ್ಕದಲ್ಲಿ ಬಿಟ್ಟು, ಮೊದಲ ಗಾಡಿಯ ಚೀಟಿ ಹೊರಬಂದ ಕೂಡಲೇ ಅಡಿಸಾಲನ್ನು ಓದಿಸಿಕೊಂಡು ದಾಖಲೆಯೊಂದಿಗೆ ತಾಳೆ ನೋಡಿದ ಮೇಲಷ್ಟೇ ಫೋನ್ ಇಡಿ.