ಬೂದಿಯ ಕಾಲು ನೀರಿನಲ್ಲಿದೆಯೇ: ಹಾರುಬೂದಿ ಹೊಂಡವನ್ನು ಮುಚ್ಚುವ ಮುನ್ನ ಪರಿಸರ ಪರಿಣಾಮವನ್ನು ಅಳೆಯುವ ಬಗೆ

ಮಹಾರಾಷ್ಟ್ರದ ತಳೋಜಾದಿಂದ ಖೋಪೋಲಿಯವರೆಗಿನ ಕೈಗಾರಿಕಾ ಪಟ್ಟಿಯಲ್ಲಿ, ಕಾರ್ಖಾನೆಗಳ ಪರಿಸರ ವಿಭಾಗಗಳಲ್ಲಿಯೂ ಮುಂಬಯಿಯ ಸಲಹಾ ಸಂಸ್ಥೆಗಳಲ್ಲಿಯೂ ದುಡಿಯುವ ಕನ್ನಡಿಗರು ಕಡಿಮೆಯೇನಿಲ್ಲ. ಈಚೆಗೆ ಅವರಲ್ಲಿ ಕೆಲವರ ಮೇಜಿಗೆ ಒಂದೇ ಬಗೆಯ ಕೆಲಸ ಬರತೊಡಗಿದೆ. ಬಾಯ್ಲರ್ ಗ್ಯಾಸಿಗೆ ಬದಲಾಗುತ್ತಿದೆ, ಕಲ್ಲಿದ್ದಲು ನಿಲ್ಲುತ್ತಿದೆ, ಸುಟ್ಟ ಕಲ್ಲಿದ್ದಲಿನ ಬೂದಿಯನ್ನು ನೀರಿನಲ್ಲಿ ಕಲಸಿ ರಾಡಿಯಾಗಿ ಪಂಪಿನಿಂದ ತುಂಬಿಸಿದ ಹಿತ್ತಲಿನ ಬೂದಿ ಹೊಂಡ ಮಾತ್ರ ಉಳಿಯಲಿದೆ. ಅದನ್ನು ಮುಚ್ಚಿದರೆ ಏನಾಗುತ್ತದೆ ಎಂಬ ವರದಿ ಬೇಕು. ಮಣ್ಣು ಸುರಿದು ಗಿಡ ನೆಟ್ಟರೆ ಮುಗಿಯಿತು ಎಂದು ಆಡಳಿತದವರು ನಂಬಿರುತ್ತಾರೆ. ಆ ನಂಬಿಕೆಯನ್ನು ಪರೀಕ್ಷೆಗೆ ಒಡ್ಡುವ ಕ್ರಮವನ್ನು ಇಲ್ಲಿ ಹೇಳಿದ್ದೇನೆ.

ನನ್ನದೇ ತಪ್ಪಿನಿಂದ ಆರಂಭಿಸುವುದು ಒಳ್ಳೆಯದು. ಈ ವೃತ್ತಿಯ ಮೊದಲ ವರ್ಷಗಳಲ್ಲಿ ರಾಯಗಡ ಜಿಲ್ಲೆಯ ಒಂದು ಕಾರ್ಖಾನೆಯ ಹೊಂಡಕ್ಕೆ ಮಾರ್ಚ್ ತಿಂಗಳಿನಲ್ಲಿ ಹೋಗಿ, ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಅಳೆದು, ಬೂದಿಯ ತಳಕ್ಕಿಂತ ನೀರು ಬಹಳ ಕೆಳಗಿದೆ, ಆದ್ದರಿಂದ ಮೇಲೊಂದು ಹೊದಿಕೆ ಹಾಕಿದರೆ ಸಾಕು ಎಂದು ಬರೆದುಕೊಟ್ಟೆ. ಆಗಸ್ಟಿನಲ್ಲಿ ಬೇರೊಂದು ಕೆಲಸಕ್ಕೆ ಅದೇ ದಾರಿಯಲ್ಲಿ ಹೋದಾಗ ಒಡ್ಡಿನ ಬುಡದಲ್ಲಿ ಊಟೆ ಎದ್ದು ಬೂದು ಬಣ್ಣದ ನೀರು ಹೊಲದ ಕಡೆಗೆ ಹರಿಯುತ್ತಿತ್ತು. ಮಾರ್ಚಿನ ನನ್ನ ಅಳತೆಯಲ್ಲಿ ಸುಳ್ಳಿರಲಿಲ್ಲ. ಅಳೆದ ಕಾಲ ತಪ್ಪಾಗಿತ್ತು. ಕೊಂಕಣದಲ್ಲಿ ಮಳೆಗಾಲದ ಅಂತರ್ಜಲ ನೆಲದ ಮಟ್ಟಕ್ಕೇ ಏರಿ ನಿಲ್ಲುವ ಜಾಗಗಳಿವೆ. ಬೂದಿಯ ಕಾಲು ವರ್ಷಕ್ಕೆ ನಾಲ್ಕು ತಿಂಗಳು ನೀರಿನಲ್ಲಿದ್ದರೆ ತಲೆಯ ಮೇಲೆ ಎಂಥ ಕೊಡೆ ಹಿಡಿದರೂ ಸೋರಿಕೆ ನಿಲ್ಲುವುದಿಲ್ಲ. ಮುಂದೆ ಹೇಳುವುದೆಲ್ಲವೂ ಬೂದಿಯ ಕಾಲು ನೀರಿನಲ್ಲಿದೆಯೇ ಎಂಬ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ಹೊಂಡಕ್ಕೂ ಮೊದಲಿನ ನೆಲ

ಮೊದಲ ದಿನ ನಿವೇಶನಕ್ಕೆ ಹೋಗಬೇಡಿ. ಹಳೆಯ ನಕ್ಷೆಯನ್ನು ಬಿಡಿಸಿಕೊಂಡು ಕುಳಿತುಕೊಳ್ಳಿ. ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಾಳೆಯಲ್ಲಿ ಹೊಂಡ ಹುಟ್ಟುವ ಮೊದಲಿನ ನೆಲ ಕಾಣಿಸುತ್ತದೆ. ಕಡಿಮೆ ಖರ್ಚಿನಲ್ಲಿ ಒಡ್ಡು ಕಟ್ಟಬೇಕೆಂದು ಹಿಂದಿನವರು ಆರಿಸಿಕೊಳ್ಳುತ್ತಿದ್ದುದು ಕಣಿವೆಯನ್ನೋ ಹಳ್ಳದ ಪಾತ್ರವನ್ನೋ ಅಥವಾ ಖಾಡಿಯ, ಅಂದರೆ ಸಮುದ್ರದ ನೀರು ಒಳನುಗ್ಗುವ ಕಿರುಕೊಲ್ಲಿಯ, ಅಂಚಿನ ತಗ್ಗಾದ ಗಜನಿ ಭೂಮಿಯನ್ನೋ. ಬೂದಿಯ ಕೆಳಗೆ ಹೂತುಹೋದ ಹಳ್ಳ ತನ್ನ ದಾರಿಯನ್ನು ಮರೆಯುವುದಿಲ್ಲ, ಸೋರಿಕೆಯೂ ಬಹುಮಟ್ಟಿಗೆ ಅದೇ ದಾರಿಯಲ್ಲಿ ಹೊರಡುತ್ತದೆ. ವೀಕ್ಷಣಾ ಬಾವಿಗಳ ಜಾಗವನ್ನು ಈ ಗೆರೆಯನ್ನು ನೋಡಿ ಗುರುತಿಸಬೇಕೇ ಹೊರತು ಕಾರ್ಖಾನೆಯ ಕಾಂಪೌಂಡಿನ ನಾಲ್ಕು ಮೂಲೆಗಳನ್ನು ನೋಡಿ ಅಲ್ಲ.

ಇದರೊಂದಿಗೆ ಹೊಂಡದ ಇತಿಹಾಸವನ್ನು ಕೇಳಿ ಬರೆದುಕೊಳ್ಳಿ: ಯಾವ ಕಲ್ಲಿದ್ದಲು, ಎಷ್ಟು ವರ್ಷ, ರಾಡಿಯನ್ನು ಸಾಗಿಸಲು ಬಳಸಿದ್ದು ಸಿಹಿನೀರೋ ಖಾಡಿಯ ನೀರೋ, ಒಡ್ಡನ್ನು ಎಷ್ಟು ಸಲ ಎತ್ತರಿಸಲಾಗಿದೆ, ಬೂದಿಯ ಜೊತೆಗೆ ಬೇರೇನನ್ನಾದರೂ ಸುರಿದದ್ದುಂಟೇ. ಭಾರತದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇಕಡ 30ರಿಂದ 45ರಷ್ಟು ಬೂದಿ ಇರುತ್ತದೆ. ಆಮದು ಕಲ್ಲಿದ್ದಲಿನಲ್ಲಿ ಅದು ಬಹಳ ಕಡಿಮೆ, ಗುಣವೂ ಬೇರೆ. ಹೀಗಾಗಿ ಒಂದೇ ಹೊಂಡದಲ್ಲಿ ಎರಡು ಕಾಲದ ಎರಡು ಬಗೆಯ ಬೂದಿ ಪದರ ಪದರವಾಗಿ ಇರಬಹುದು. ಬೇರೇನನ್ನು ಸುರಿದರು ಎಂಬ ಕೊನೆಯ ಪ್ರಶ್ನೆಗೆ ಕಚೇರಿಯಲ್ಲಿ ಉತ್ತರ ಸಿಗುವುದಿಲ್ಲ. ಮೂವತ್ತು ವರ್ಷ ಅಲ್ಲೇ ದುಡಿದು ನಿವೃತ್ತರಾದ ಫಿಟ್ಟರನ್ನು ಹುಡುಕಿ ಕೇಳಬೇಕು.

ಪಂಪು ನಿಲ್ಲುವ ಮೊದಲು

ಮೂಲಸ್ಥಿತಿಯ ಅಳತೆಯನ್ನು ರಾಡಿಯ ಪಂಪು ಇನ್ನೂ ಓಡುತ್ತಿರುವಾಗಲೇ ತೊಡಗಬೇಕು. ತುಂಬಿದ ಹೊಂಡದ ಕೆಳಗೆ ಅಂತರ್ಜಲ ಗುಡ್ಡದಂತೆ ಉಬ್ಬಿಕೊಂಡು ಎಲ್ಲ ದಿಕ್ಕಿಗೂ ನೀರನ್ನು ತಳ್ಳುತ್ತಿರುತ್ತದೆ. ಪಂಪು ನಿಂತ ಮೇಲೆ ಆ ಉಬ್ಬು ನಿಧಾನವಾಗಿ ಇಳಿಯುತ್ತದೆ, ನೀರಿನ ದಿಕ್ಕು ಬದಲಾಗುತ್ತದೆ, ನಿನ್ನೆಯವರೆಗೆ ಕೆಟ್ಟಿದ್ದ ಬಾವಿ ಸುಧಾರಿಸಿ ಚೆನ್ನಾಗಿದ್ದ ಇನ್ನೊಂದು ಬಾವಿ ಕೆಡಬಹುದು. ಈ ಬದಲಾವಣೆ ಒಂದು ಬೇಸಿಗೆಯಲ್ಲಿ ಮುಗಿಯುವಂಥದಲ್ಲ. ಉದಾಹರಣೆಗೆ 20 ಹೆಕ್ಟೇರ್ ವಿಸ್ತಾರದ, ಸರಾಸರಿ 5 ಮೀಟರ್ ಆಳದ ಹೊಂಡವೆಂದರೆ 10 ಲಕ್ಷ ಘನ ಮೀಟರ್ ಬೂದಿ. ಅದರ ಅರ್ಧದಷ್ಟು ಜಾಗ ಕಣಗಳ ನಡುವಿನ ತೆರಪು ಎಂದುಕೊಂಡರೆ, ಮೇಲೆ ಒಂದು ಹನಿಯೂ ಕಾಣದಿದ್ದಾಗಲೂ ಒಳಗೆ 5 ಲಕ್ಷ ಘನ ಮೀಟರಿನವರೆಗೆ ನೀರು ಅಡಗಿರಬಹುದು. ಅದರಲ್ಲಿ ಒಂದು ಪಾಲು ವರ್ಷಗಟ್ಟಲೆ ಇಳಿಯುತ್ತಲೇ ಇರುತ್ತದೆ, ಉಳಿದದ್ದು ಕಣಗಳಿಗೆ ಅಂಟಿಕೊಂಡು ಕೂರುತ್ತದೆ.

ಈ ಮಾತನ್ನು ನನಗೆ ಲೆಕ್ಕಕ್ಕಿಂತ ಚೆನ್ನಾಗಿ ತಿಳಿಸಿದವರು ವಿಜಯಪುರದ ಕಡೆಯಿಂದ ಬಂದು ಒಂದು ಹೊಂಡದಲ್ಲಿ ಪೈಪು ಜೋಡಿಸುತ್ತಿದ್ದ ಕೆಲಸಗಾರರು. ಬಿರುಕು ಬಿಟ್ಟು ಒಣಗಿದಂತೆ ಕಾಣುತ್ತಿದ್ದ ಮೇಲ್ಮೈಗೆ ನಾನು ಕಾಲಿಡಲು ಹೊರಟಾಗ, "ನಿಂದರ್ರಿ ಸಾಹೇಬ್ರ, ಮ್ಯಾಲಷ್ಟ ಒಣಗೇತ್ರಿ, ಒಳಗ ಹಸಿನ ಐತಿ" ಎಂದು ತಡೆದು, ಕೈಯಲ್ಲಿದ್ದ ಬಿದಿರಿನ ಗಳುವನ್ನು ಊರಿದರು. ಗೇಣುದ್ದದ ಹೆಪ್ಪನ್ನು ದಾಟಿದ ಮೇಲೆ ಗಳು ತನ್ನಷ್ಟಕ್ಕೇ ಇಳಿಯುತ್ತ ಹೋಗಿ ಅರ್ಧಕ್ಕಿಂತ ಹೆಚ್ಚು ಮುಳುಗಿತು. ಮೇಲೆ ಡಂಪರ್ ಓಡಿಸಿ ಮಣ್ಣು ಹರಡುವ ಯೋಜನೆಯನ್ನು ಅಂದೇ ಬದಿಗಿಡಬೇಕಾಯಿತು.

ನೀರಿನ ಮಟ್ಟವನ್ನು ಅಳೆಯುವ ಪೀಜೋಮೀಟರ್ ಕೊಳವೆಗಳನ್ನು ಒಂದೇ ಜಾಗದಲ್ಲಿ ಮೂರು ಆಳಕ್ಕೆ ಇಳಿಸಿ: ಬೂದಿಯೊಳಗೆ ಒಂದು, ಅದರ ಕೆಳಗಿನ ಮುರುಮಿನಲ್ಲಿ (ಶಿಥಿಲವಾದ ಬಂಡೆಯ ಮಣ್ಣಿನಲ್ಲಿ) ಒಂದು, ಗಟ್ಟಿ ಬಸಾಲ್ಟ್ ಬಂಡೆಯ ಬಿರುಕುಗಳಲ್ಲಿ ಒಂದು. ಮೂರೂ ಬೇರೆ ಬೇರೆ ಮಾತಾಡುತ್ತವೆ. ನೀರು ಹರಿಯುವ ದಿಕ್ಕನ್ನು ತಿಳಿಯಲು ಇಂಥ ಗುಂಪುಗಳು ಕನಿಷ್ಠ ಮೂರಾದರೂ ಬೇಕು, ಅವು ಒಂದೇ ಸಾಲಿನಲ್ಲಿ ಇರಬಾರದು. ತಿಂಗಳಿಗೊಮ್ಮೆಯಂತೆ ಪೂರ್ತಿ ಒಂದು ವರ್ಷ ಅಳೆಯಬೇಕು, ಆಗಸ್ಟ್ ಮತ್ತು ಸೆಪ್ಟೆಂಬರಿನ ಅಳತೆಯನ್ನು ಯಾವ ಕಾರಣಕ್ಕೂ ಬಿಡಬಾರದು. ಕೊಂಕಣದ ಬಸಾಲ್ಟಿನಲ್ಲಿ ಇನ್ನೊಂದು ತೊಡಕಿದೆ. ಬಂಡೆಯನ್ನು ಸೀಳಿಕೊಂಡು ಗೋಡೆಯಂತೆ ಎದ್ದ ಶಿಲೆಗೆ ಭೂವಿಜ್ಞಾನಿಗಳು ಡೈಕ್ ಎನ್ನುತ್ತಾರೆ. ಅದು ನೀರನ್ನು ತಡೆಯಲೂಬಹುದು, ಅಂಚಿನ ಬಿರುಕಿನಲ್ಲಿ ದೂರಕ್ಕೆ ಸಾಗಿಸಲೂಬಹುದು. ಎಂಜಿನಿಯರರು ಬೂದಿಯ ಒಡ್ಡಿಗೂ ಡೈಕ್ ಎಂದೇ ಹೇಳುವುದರಿಂದ ಒಂದೇ ವರದಿಯಲ್ಲಿ ಎರಡೂ ಸೇರಿ ಓದುಗರನ್ನು ದಿಕ್ಕು ತಪ್ಪಿಸಿದ್ದನ್ನು ಕಂಡಿದ್ದೇನೆ. ಎರಡನೆಯದಕ್ಕೆ ಒಡ್ಡು ಎಂಬ ನಮ್ಮ ಮಾತೇ ಸಾಕು.

ಪ್ರಯೋಗಾಲಯದ ಕಾಗದವನ್ನು ಓದುವ ಬಗೆ

ಬಹಳಷ್ಟು ವರದಿಗಳು, ವಸ್ತುವಿನಿಂದ ವಿಷಕಾರಿ ಅಂಶ ಎಷ್ಟು ಕರಗಿ ಹೊರಬರುತ್ತದೆ ಎಂದು ನೋಡುವ ಟಿಸಿಎಲ್‌ಪಿ ಪರೀಕ್ಷೆಯಲ್ಲಿ ಬೂದಿ ಪಾಸಾಯಿತು ಎಂಬ ಒಂದು ಸಾಲಿನ ಮೇಲೆ ನಿಂತಿರುತ್ತವೆ. ಊರಿನ ಕಸದ ಗುಂಡಿಯೊಳಗೆ ಹುಟ್ಟುವ ಆಮ್ಲೀಯ ಸ್ಥಿತಿಯನ್ನು ಅನುಕರಿಸಲೆಂದು ಈ ಪರೀಕ್ಷೆಯನ್ನು ರೂಪಿಸಲಾಗಿದೆ. ವಸ್ತುವಿನ ತೂಕದ 20 ಪಟ್ಟು ಅಸಿಟಿಕ್ ಆಮ್ಲದ ದ್ರಾವಣದಲ್ಲಿ ಸುಮಾರು 18 ಗಂಟೆ ಉರುಳಿಸುತ್ತಾರೆ. ಬೂದಿ ಹೊಂಡದ ಒಳಗಿನ ನೀರು ಬಹುಪಾಲು ಕ್ಷಾರೀಯ. ಸೀಸ, ಕ್ಯಾಡ್ಮಿಯಂ ಆಮ್ಲದಲ್ಲಿ ಸುಲಭವಾಗಿ ಕರಗುತ್ತವೆ, ಆದರೆ ಆರ್ಸೆನಿಕ್, ಸೆಲೆನಿಯಂ, ಮಾಲಿಬ್ಡಿನಂ, ಆರು ವೇಲೆನ್ಸಿಯ ಕ್ರೋಮಿಯಂ ಕ್ಷಾರೀಯ ನೀರಿನಲ್ಲಿಯೇ ಚುರುಕು. ಆದ್ದರಿಂದ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಬದಲಾಯಿಸುತ್ತ ಹೋಗುವ ಪರೀಕ್ಷೆಯನ್ನೂ ಬೂದಿ ತುಂಬಿದ ಕೊಳವೆಯ ಮೂಲಕ ನಿಧಾನವಾಗಿ ನೀರು ಹಾಯಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಎಲ್ಲಕ್ಕಿಂತ ನಂಬಬಹುದಾದದ್ದು ಬೂದಿಯೊಳಗಿನ ಪೀಜೋಮೀಟರಿನಿಂದ ಎತ್ತಿದ ನೀರು. ಹೊಂಡ ತಾನೇ ಹತ್ತಾರು ವರ್ಷ ನಡೆಸಿದ ಪರೀಕ್ಷೆಯ ಫಲಿತಾಂಶ ಅದು.

ಹಳ್ಳಿಯ ಬಾವಿಗಳ ನೀರನ್ನು ಕುಡಿಯುವ ನೀರಿನ ಮಾನಕವಾದ ಐಎಸ್ 10500ರ ಜೊತೆ ಹೋಲಿಸಬೇಕು. ಅದರಲ್ಲಿ ಲೀಟರಿಗೆ ಆರ್ಸೆನಿಕ್ 0.01, ಸೆಲೆನಿಯಂ 0.01, ಮಾಲಿಬ್ಡಿನಂ 0.07, ಸಲ್ಫೇಟ್ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ. ಆದರೆ ಮಿತಿ ಮೀರಿಲ್ಲ ಎಂದು ಬರೆದು ಮುಗಿಸುವಂತಿಲ್ಲ. ಆರ್ಸೆನಿಕ್ ಮಣ್ಣಿನ ಕಬ್ಬಿಣದ ಆಕ್ಸೈಡುಗಳಿಗೆ ಅಂಟಿಕೊಳ್ಳುತ್ತ ತಡವಾಗಿ ಬರುತ್ತದೆ. ಬೋರಾನ್ ಮತ್ತು ಸಲ್ಫೇಟ್ ನೀರಿನ ಜೊತೆಯಲ್ಲೇ ನಡೆದು ಮುಂಚೆ ತಲುಪುತ್ತವೆ. ಇವೆರಡು ಏರುತ್ತಿದ್ದರೆ ಆರ್ಸೆನಿಕ್ಕಿನಂಥವು ಹಿಂದಿನಿಂದ ದಾರಿಯಲ್ಲಿವೆ ಎಂದು ಎಣಿಸಬೇಕು.

ಒಳನಾಡಿನಲ್ಲಿ ಸರಿಯಾದ ಈ ಸೂತ್ರ ಮುಂಬಯಿಯ ಖಾಡಿಗಳ ಬಳಿ ಮೋಸ ಮಾಡುತ್ತದೆ. ಸಮುದ್ರದ ನೀರಿನಲ್ಲೇ ಲೀಟರಿಗೆ ಸುಮಾರು 4.5 ಮಿಲಿಗ್ರಾಂ ಬೋರಾನ್, 2,700 ಮಿಲಿಗ್ರಾಂ ಸಲ್ಫೇಟ್ ಇರುತ್ತದೆ. ಬಾವಿಗೆ ಉಪ್ಪುನೀರು ನುಗ್ಗಿದ್ದರೂ ಇವು ಏರುತ್ತವೆ, ಕಾರ್ಖಾನೆಯವರು ಅದನ್ನೇ ಹಿಡಿದುಕೊಂಡು ಎಲ್ಲ ಕೆಡುಕನ್ನೂ ಸಮುದ್ರದ ತಲೆಗೆ ಕಟ್ಟುತ್ತಾರೆ. ಬೇರ್ಪಡಿಸುವ ದಾರಿ ಅನುಪಾತದಲ್ಲಿದೆ: ಸಮುದ್ರದ ನೀರಿನಲ್ಲಿ ಸಲ್ಫೇಟಿನ ತೂಕ ಕ್ಲೋರೈಡಿನ ಸುಮಾರು 0.14 ಪಾಲು. ಬಾವಿಯಲ್ಲಿ ಆ ಅನುಪಾತ ಬಹಳ ಹೆಚ್ಚಿದ್ದರೆ ಹೆಚ್ಚುವರಿ ಸಲ್ಫೇಟ್ ಬೇರೆ ಕಡೆಯಿಂದ ಬಂದಿದೆ. ಸಮುದ್ರದಲ್ಲಿ ಮಾಲಿಬ್ಡಿನಂ ಲೀಟರಿಗೆ 0.01 ಮಿಲಿಗ್ರಾಂನಷ್ಟೇ ಇರುವುದರಿಂದ ಅದೂ ಒಳ್ಳೆಯ ಸಾಕ್ಷಿ. ರಾಡಿ ಸಾಗಿಸಲು ಖಾಡಿಯ ನೀರನ್ನೇ ಬಳಸಿದ್ದರೆ ಕ್ಲೋರೈಡೂ ಹೊಂಡದಿಂದಲೇ ಬಂದಿರಬಹುದು. ಆ ಪ್ರಶ್ನೆಯನ್ನು ಮೊದಲೇ ಕೇಳಿ ಬರೆದುಕೊಳ್ಳಿ ಎಂದದ್ದು ಇದಕ್ಕಾಗಿಯೇ.

ಜನರ ಮಾತನ್ನೂ ದಾಖಲೆಯೆಂದು ಬರೆದುಕೊಳ್ಳಿ. ಒಂದು ಹೊಂಡದಿಂದ ಅರ್ಧ ಕಿಲೋಮೀಟರ್ ದೂರದ ಹೆದ್ದಾರಿಯಲ್ಲಿ ಹೋಟೆಲಿಟ್ಟಿದ್ದ ಉಡುಪಿಯ ಕಡೆಯವರೊಬ್ಬರು, "ಮಾರಾಯ್ರೆ, ಮೂರು ವರ್ಷದಿಂದ ಈ ಬೋರ್‌ವೆಲ್ ನೀರಲ್ಲಿ ಬೇಳೆಯೇ ಬೇಯುವುದಿಲ್ಲ, ಸಾಂಬಾರಿಗೆ ಟ್ಯಾಂಕರ್ ತರಿಸುತ್ತೇನೆ" ಎಂದರು. ಬೇಳೆ ಬೇಯದಿರುವುದು ಗಡಸು ನೀರಿನ ಲಕ್ಷಣ. ಕ್ಯಾಲ್ಸಿಯಂ ಸಲ್ಫೇಟ್ ಕರಗಿದ ಬೂದಿಯ ಸೋರಿಕೆಯಿಂದ ಗಡಸುತನ ಏರುತ್ತದೆ, ಬಸಾಲ್ಟಿನ ನೀರೂ ಗಡಸಾಗಿರುವುದುಂಟು. ಅದಷ್ಟರಿಂದಲೇ ತೀರ್ಪು ಕೊಡಲಾಗದು, ಆದರೆ ಮೂರು ವರ್ಷ ಎಂಬ ಕಾಲದ ಸುಳಿವು ಯಾವ ಪ್ರಯೋಗಾಲಯದಲ್ಲಿಯೂ ಸಿಗುತ್ತಿರಲಿಲ್ಲ. ಒಡ್ಡನ್ನು ಕೊನೆಯ ಸಲ ಎತ್ತರಿಸಿದ್ದೂ ಅದಕ್ಕೆ ಸ್ವಲ್ಪ ಮೊದಲೇ.

ಏರಿ, ತೂಬು, ಕೋಡಿ

ಕೆರೆ ನೋಡಿ ಬೆಳೆದವರಿಗೆ ಹೊಂಡದ ರಚನೆ ಹೊಸದಲ್ಲ. ಕೆರೆಗೂ ಇದಕ್ಕೂ ಇರುವ ಭೇದವೆಂದರೆ ಇಲ್ಲಿ ಎತ್ತರಿಸಿದ ಏರಿ ಎಷ್ಟೋ ಸಲ ಬೂದಿಯ ಮೇಲೆಯೇ ಕುಳಿತಿರುತ್ತದೆ. ನೀರು ಕುಡಿದ ಸಡಿಲ ಬೂದಿ ಭೂಮಿ ನಡುಗಿದಾಗ ದ್ರವದಂತೆ ಹರಿಯಬಲ್ಲದು. 1967ರ ಡಿಸೆಂಬರಿನಲ್ಲಿ ಕೊಯ್ನಾ ನಡುಗಿದ ಸೀಮೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ಅಮೆರಿಕದ ಟೆನೆಸಿ ರಾಜ್ಯದ ಕಿಂಗ್‌ಸ್ಟನ್ನಿನಲ್ಲಿ 2008ರ ಡಿಸೆಂಬರ್ 22ರಂದು ಒಡ್ಡು ಜಾರಿ ಸುಮಾರು 41 ಲಕ್ಷ ಘನ ಮೀಟರ್ ಬೂದಿ ಹೊರಬಿತ್ತು. 2020ರ ಏಪ್ರಿಲಿನಲ್ಲಿ ಮಧ್ಯಪ್ರದೇಶದ ಸಿಂಗ್ರೌಲಿಯಲ್ಲಿ ಒಡ್ಡು ಒಡೆದಾಗ ಜನರೇ ಕೊಚ್ಚಿಹೋದರು. ಮುಚ್ಚುವ ಕಾಮಗಾರಿಯಲ್ಲಿ ಯಂತ್ರಗಳ ಭಾರ, ಬುಡದ ಅಗೆತ, ಹೊದಿಕೆಯ ತೂಕ ಎಲ್ಲವೂ ಒಟ್ಟಿಗೆ ಬರುತ್ತವೆ. ಸ್ಥಿರತೆಯ ಲೆಕ್ಕವನ್ನು ಪ್ರತಿ ಹಂತಕ್ಕೂ ಬೇರೆಯಾಗಿ ಮಾಡಿಸಬೇಕು.

ಕೋಡಿಯ ಲೆಕ್ಕಕ್ಕೆ ಸರಾಸರಿ ಮಳೆಯನ್ನು ಹಿಡಿಯಬೇಡಿ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ ಸುರಿದದ್ದು 944 ಮಿಲಿಮೀಟರ್. ಅಂಥ ಮಳೆ ಮೇಲೆ ಹೇಳಿದ 20 ಹೆಕ್ಟೇರಿನ ಮೇಲೆ ಬಿದ್ದರೆ ಒಂದೇ ದಿನಕ್ಕೆ ಸುಮಾರು 1.89 ಲಕ್ಷ ಘನ ಮೀಟರ್ ನೀರು. ಹೊಂಡ ಬಳಕೆಯಲ್ಲಿಲ್ಲ ಎಂದು ಕೋಡಿಯ ಕಾವಲುಗಾರನನ್ನು ತೆಗೆದುಹಾಕುವ ವರ್ಷವೇ ಇದನ್ನು ತಾಳಬೇಕಾಗಿ ಬರಬಹುದು.

ಧೂಳು, ಟಿಪ್ಪರು, ಮೇವು

ಒದ್ದೆಯಾಗಿದ್ದಷ್ಟು ದಿನ ಹೊಂಡ ಧೂಳೆಬ್ಬಿಸುವುದಿಲ್ಲ. ಪಂಪು ನಿಂತು ಹೊದಿಕೆ ಬೀಳುವವರೆಗಿನ ಬೇಸಿಗೆಗಳೇ ಕೆಟ್ಟ ಕಾಲ. ಮಧ್ಯಾಹ್ನದ ಕಡಲಗಾಳಿ ಯಾವ ಹಳ್ಳಿಯ ಕಡೆ ಬೀಸುತ್ತದೆಯೋ ಅಲ್ಲಿ ಮಾಪಕವನ್ನು ಇರಿಸಿ. 10 ಮೈಕ್ರಾನಿಗಿಂತ ಸಣ್ಣ ಧೂಳಿನ ಕಣಗಳಾದ ಪಿಎಂ10ಕ್ಕೆ 24 ಗಂಟೆಯ ರಾಷ್ಟ್ರೀಯ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಇನ್ನೂ ಸಣ್ಣ ಕಣಗಳಾದ ಪಿಎಂ2.5ಕ್ಕೆ 60.

ಬೂದಿಯನ್ನೆಲ್ಲ ತೆಗೆದು ಇಟ್ಟಿಗೆಗೋ ರಸ್ತೆಯ ಏರಿಗೋ ಸಾಗಿಸುವುದು ಕಾಗದದಲ್ಲಿ ಅತ್ಯುತ್ತಮ ಆಯ್ಕೆ. ಘನ ಮೀಟರಿಗೆ ಸುಮಾರು ಒಂದು ಟನ್ನಿನಂತೆ ನಮ್ಮ ಉದಾಹರಣೆಯ ಹೊಂಡದಲ್ಲಿರುವುದು 10 ಲಕ್ಷ ಟನ್. 20 ಟನ್ನಿನ ಟಿಪ್ಪರಿಗೆ 50,000 ಖೇಪು. ಮಳೆಗಾಲ ಬಿಟ್ಟು ವರ್ಷಕ್ಕೆ 200 ದಿನದಂತೆ ಮೂರು ವರ್ಷ ಸಾಗಿಸಿದರೆ ದಿನಕ್ಕೆ 83 ಖೇಪು, ಹೋಗಿಬರುವುದು ಸೇರಿ 166. ಹತ್ತು ಗಂಟೆಯ ಕೆಲಸದಲ್ಲಿ ಶಾಲೆಯ ಮುಂದೆ ಮೂರೂವರೆ ನಿಮಿಷಕ್ಕೊಂದು ಟಿಪ್ಪರು. ವರದಿಯಲ್ಲಿ ಈ ಸಾಲು ಇರಬೇಕು. ಹಾಗೆಂದು ಇದು ತೆಗೆಯದಿರಲು ನೆಪವಾಗಬಾರದು: ಬೂದಿಯ ಕಾಲು ನೀರಿನಲ್ಲಿದ್ದರೆ, ನನ್ನ ಮಟ್ಟಿಗೆ, ಮೂರು ವರ್ಷದ ಧೂಳನ್ನು ಹತೋಟಿಯಲ್ಲಿಟ್ಟು ತೆಗೆಯುವುದೇ ಮೇಲು.

ಕಾನೂನು ಎರಡು ದಾರಿಗಳನ್ನೂ ತೆರೆದಿಟ್ಟಿದೆ. ಉಷ್ಣ ವಿದ್ಯುತ್ ಸ್ಥಾವರಗಳಿಗೆ ಸಂಬಂಧಿಸಿದ 2021ರ ಡಿಸೆಂಬರ್ 31ರ ಅಧಿಸೂಚನೆ ಹಳೆಯ ಬೂದಿಯನ್ನು ಹತ್ತು ವರ್ಷದೊಳಗೆ ಬಳಸಿ ಮುಗಿಸಬೇಕೆನ್ನುತ್ತದೆ. ಸ್ಥಿರಗೊಂಡು ಹಸಿರು ಹೊದ್ದ ಹೊಂಡಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಗಳ ಪ್ರಮಾಣೀಕರಣದ ಮೇಲೆ ವಿನಾಯಿತಿ ಇದೆ. ಈ ವಿನಾಯಿತಿಯ ಆಸೆಗೆ ಅವಸರದಲ್ಲಿ ಗಿಡ ನೆಡುವುದನ್ನು ಗಮನಿಸಿ. ಬೂದಿಯಲ್ಲಿ ಬೆಳೆದ ಮೇವಿನಲ್ಲಿ ಮಾಲಿಬ್ಡಿನಂ ಸೇರಿಕೊಂಡರೆ ದನಗಳಿಗೆ ತಾಮ್ರದ ಕೊರತೆಯ ರೋಗ ಬರುತ್ತದೆ. ಬೇಲಿ ಎಲ್ಲಿ ಮುರಿದಿದೆ, ಯಾರ ಆಡುಗಳು ಒಳಗೆ ಮೇಯುತ್ತವೆ ಎಂಬುದನ್ನು ನೋಡಿ ಬರೆಯಿರಿ. ಖಾಡಿಯ ಅಂಚಿನಲ್ಲಾದರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೋಳಿ ಸಮುದಾಯದ ಮೀನುಗಾರರು ಬಲೆ ಹಾಕುವ ಜಾಗ, ಹೊಂಡದ ನೀರಿಗೆ ಇಳಿಯುವ ಹಕ್ಕಿಗಳು ಸಹ ಲೆಕ್ಕಕ್ಕೆ ಸೇರುತ್ತವೆ.

ಕೊನೆಗೆ ಪರಿಣಾಮಗಳಿಗೆಲ್ಲ ಅಂಕ ಕೊಟ್ಟು ಕೂಡಿಸುವ ಕೋಷ್ಟಕವನ್ನು ಕೇಳುತ್ತಾರೆ. ಕೊಡಿ, ಆದರೆ ಕೂಡಿಸಿದ ಅಂಕದಲ್ಲಿ ಬಾವಿಯ ಆರ್ಸೆನಿಕ್ಕನ್ನು ಐನೂರು ಸಸಿಗಳು ಸರಿದೂಗಿಸಿಬಿಡುತ್ತವೆ. ಆದ್ದರಿಂದ ನೀರಿನ ಸಾಲನ್ನು ಮೊತ್ತದಿಂದ ಹೊರಗಿಟ್ಟು ಬೇರೆಯಾಗಿ ತೋರಿಸಿ. ಮುಚ್ಚಿದ ಮೇಲಿನ ನಿಗಾ ಎಷ್ಟು ವರ್ಷ, ಖರ್ಚು ಯಾರದು, ಯಾವ ಬಾವಿಯಲ್ಲಿ ಯಾವ ಅಂಕಿ ದಾಟಿದರೆ ಏನು ಮಾಡಬೇಕು ಎಂಬುದನ್ನು ಹೆಸರು ಹಿಡಿದು ಬರೆಯಿರಿ. ಹಳ್ಳಿಯವರಿಗೆ ಕೊಡುವ ಪ್ರತಿ ಮರಾಠಿಯಲ್ಲಿರಲಿ, ಅದರಲ್ಲಿ ಬಾವಿಗಳ ಸಂಖ್ಯೆಯ ಪಕ್ಕ ಊರವರು ಕರೆಯುವ ಹೆಸರೂ ಇರಲಿ. ಪೀಜೋಮೀಟರಿನ ಮುಚ್ಚಳದ ಬೀಗದ ಒಂದು ಕೀಲಿಯನ್ನು ಪಂಚಾಯತಿಯಲ್ಲಿ ಇಡುವಂತೆ ಶಿಫಾರಸು ಮಾಡಿ.