ಹೊಸಬರನ್ನು ಎಬ್ಬಿಸಿ ನಿಲ್ಲಿಸಬೇಡಿ

ಚರ್ಚ್‌ನಲ್ಲಿ ಯುವಜನರ ಕೂಟ ನಡೆಸುವವರಿಗೆ ಒಂದು ಸಲಹೆ. ಹೊಸದಾಗಿ ಬಂದವರನ್ನು ಎಲ್ಲರ ಮುಂದೆ ನಿಲ್ಲಿಸಿ 'ನಿಮ್ಮ ಸಾಕ್ಷಿ ಹೇಳಿ', ಅಂದರೆ ದೇವರು ನಿಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳಿ, ಎನ್ನುವ ರೂಢಿಯನ್ನು ದಯವಿಟ್ಟು ಬಿಡಿ. ನಾವೂ ಅದನ್ನೇ ಮಾಡುತ್ತಿದ್ದೆವು. ಚಪ್ಪಾಳೆ ಜೋರಾಗಿಯೇ ಬೀಳುತ್ತಿತ್ತು, ಮುಂದಿನ ಭಾನುವಾರ ಆ ಮುಖ ಕಾಣುತ್ತಿರಲಿಲ್ಲ.

ಬೆಳಗಾವಿಗೆ ಓದಲು ಬಂದ ಹುಡುಗ ಹುಡುಗಿಯರು ಮೊದಲ ದಿನ ಬಾಗಿಲ ಬಳಿಯೇ ಕೂರುತ್ತಾರೆ. ಅದೇ ವಯಸ್ಸಿನ ಒಬ್ಬರು ಪಕ್ಕದಲ್ಲಿ ಕುಳಿತು ಹಾಡಿನ ಪುಸ್ತಕದ ಪುಟ ತೆಗೆದುಕೊಟ್ಟರೆ ಸಾಕು. ಭಾಷೆಯನ್ನೂ ಗಮನಿಸಿ. ನಮ್ಮೂರಿನಲ್ಲಿ ಕನ್ನಡ, ಮರಾಠಿ ಎರಡೂ ಸಲೀಸು. ಹಳಬರೆಲ್ಲ ಮರಾಠಿಯಲ್ಲಿ ನಗೆಯಾಡುವಾಗ ರಾಯಚೂರಿನ ಹುಡುಗ ಗೋಡೆ ನೋಡುತ್ತಾ ಕುಳಿತಿರುತ್ತಾನೆ. (ಗೋಡೆಯ ಮೇಲಿನ ಬೈಬಲ್ ವಚನವನ್ನು ಅವನು ಎಷ್ಟು ಸಲ ಓದಿಯಾನು?)

ಪ್ರಾರ್ಥನೆ ಮುಗಿದ ಮೇಲೆ ಕುರ್ಚಿ ಎತ್ತಿಡಲು, ಚಹಾ ಹಂಚಲು ಅವರನ್ನೂ ಕರೆಯಿರಿ. ಕೈಗೆ ಕೆಲಸ ಸಿಕ್ಕಾಗ ಮಾತು ತಾನಾಗಿ ಹೊರಡುತ್ತದೆ. ವಾಟ್ಸ್‌ಆ್ಯಪ್ ಗುಂಪಿಗೆ ಕೇಳಿಯೇ ಸೇರಿಸಿ. ಹಾಸ್ಟೆಲ್ ಗೇಟ್ ಎಷ್ಟು ಹೊತ್ತಿಗೆ ಹಾಕುತ್ತಾರೆ ಎಂದೂ ವಿಚಾರಿಸಿ. ಡಿಸೆಂಬರಿನಲ್ಲಿ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ ಸುತ್ತಾಟ ತಡವಾದರೆ ಅವರನ್ನು ಬಿಟ್ಟುಬರಲು ಇಬ್ಬರನ್ನು ಮೊದಲೇ ಗೊತ್ತುಮಾಡಿ.